ಒಂದು ಗಿಳಿ ಇದ್ದ ಮನೆಗೆ ಇನ್ನೊಂದು ಬಂದಾಗ...

ಸೋದರಿಯರೇ, ನಿಮ್ಮ ಪಡಸಾಲೆಯಲ್ಲೂ ಒಂದು ಪಂಜರ ತೂಗುತ್ತಿದೆಯೇ? ಅದರೊಳಗೆ ಒಂಟಿ ಗಿಳಿಯೊಂದು ಕೂತಿದೆಯೇ? ಹಾಗಿದ್ದರೆ ಮನೆಗೆ ಬಂದವರೆಲ್ಲ ನಿಮಗೊಂದು ಮಾತು ಹೇಳಿಯೇ ಹೇಳಿರುತ್ತಾರೆ: "ಪಾಪ, ಒಂದ ಐತಲ್ರೀ! ಇನ್ನೊಂದು ತಂದು ಜೋಡಿ ಮಾಡ್ರಿ." ನನಗೂ ಹೀಗೆಯೇ ಹೇಳಿದರು. ನಾನೂ ಕೇಳಿದೆ. ಕೇಳಿ, ಮೊದಲ ರಾತ್ರಿಯೇ ಒಂದು ಪುಟ್ಟ ಜೀವಕ್ಕೆ ಕುತ್ತು ತಂದಿಟ್ಟಿದ್ದೆ. ನನ್ನ ಅನುಭವ ನಿಮಗೆ ಉಪಯೋಗಕ್ಕೆ ಬಂದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನೇನು ಪಕ್ಷಿಗಳ ಬಗ್ಗೆ ಓದಿದವಳಲ್ಲ. ಹೈಸ್ಕೂಲು ಮುಗಿಸಿ, ಮದುವೆಯಾಗಿ, ಘಟಪ್ರಭಾ ಹೊಳೆಯ ದಂಡೆಯ ಮಸಗುಪ್ಪಿಗೆ ಬಂದವಳು. ಅಡುಗೆ ಮನೆ, ಎರಡು ಎಮ್ಮೆ, ಕಬ್ಬಿನ ಹೊಲ, ವಯಸ್ಸಾದ ಅತ್ತೆಯವರು, ಇಷ್ಟೇ ನನ್ನ ಪ್ರಪಂಚ. ಆದರೆ ಏಳು ವರ್ಷ ಒಂದು ಗಿಳಿಯನ್ನೂ, ಆಮೇಲೆ ಎರಡನ್ನೂ ಸಾಕಿ ಕಲಿತದ್ದು ಸ್ವಲ್ಪ ಇದೆ.

ಬಂಗಾರನ ಕಥೆ

2018ರಲ್ಲಿ ನನ್ನ ಮಗ ಎಂಟನೆಯ ಇಯತ್ತೆಯಲ್ಲಿದ್ದ. ಜಾತ್ರೆಗೆಂದು ಎಲ್ಲರೂ ಕೊಟ್ಟ ಹಣ ಕೂಡಿಸಿಟ್ಟು, ಬೆಳಗಾವಿಗೆ ಹೋದಾಗ ಒಂದು ಕಾಕಟೇಲ್ ಮರಿ ಕೊಂಡು ತಂದ. ನೋಡಿರದವರಿಗೆ ಹೇಳುತ್ತೇನೆ. ಇದು ನಮ್ಮ ಹೊಲದ ಹಸಿರು ಗಿಳಿಯಲ್ಲ, ಆಸ್ಟ್ರೇಲಿಯಾ ದೇಶದ ಮೂಲದ್ದು. ಗುಬ್ಬಿಗಿಂತ ದೊಡ್ಡದು, ಪಾರಿವಾಳಕ್ಕಿಂತ ಸಣ್ಣದು. ತೂಕ ನೂರು ಗ್ರಾಮಿನ ಆಸುಪಾಸು. ಬೂದು ಮೈ, ಹಳದಿ ಮುಖ, ತಲೆಯ ಮೇಲೆ ಜುಟ್ಟು, ಕೆನ್ನೆಗೆ ಕುಂಕುಮ ಹಚ್ಚಿದ ಹಾಗೆ ಕೇಸರಿ ಬೊಟ್ಟು. ಅತ್ತೆಯವರು ನೋಡಿದವರೇ "ಬಂಗಾರದಂಗ ಐತಿ" ಅಂದರು. ಅದೇ ಹೆಸರಾಯಿತು.

ಬಂಗಾರ ಮಾತಿಗಿಂತ ಸೀಟಿಯಲ್ಲಿ ಜಾಣ. ಒಂದೇ ವರ್ಷದಲ್ಲಿ ನನ್ನ ಕುಕ್ಕರಿನ ಸೀಟಿ ಕಲಿತುಬಿಟ್ಟ! ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ಮೂರು ಸೀಟಿ ಎಣಿಸಿ, ಓಡಿ ಬಂದು ಒಲೆ ಆರಿಸಿದರೆ, ಬೇಳೆ ಕಲ್ಲಿನ ಹಾಗೆಯೇ ಇರುತ್ತಿತ್ತು. ಅದರಲ್ಲಿ ಎರಡು ಸೀಟಿ ಬಂಗಾರನವು. ನಮ್ಮ ಮನೆಯವರು ಊಟಕ್ಕೆ ಕೂತು, "ಇವತ್ತಿನ ಸಾರು ಬಂಗಾರ ಮಾಡ್ಯಾನೇನು?" ಎಂದು ಕೇಳುವುದು ವಾಡಿಕೆಯಾಯಿತು.

2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಬಂತಲ್ಲ, ಗೋಕಾಕ ಪೇಟೆಯೇ ನೀರಿನಲ್ಲಿ ನಿಂತಿತ್ತಲ್ಲ, ಆಗ ನಾವೂ ದನಕರು ಹೊಡೆದುಕೊಂಡು ಎತ್ತರದ ಊರಿನ ಬೀಗರ ಮನೆ ಸೇರಿದೆವು. ಟ್ರ್ಯಾಕ್ಟರಿನಲ್ಲಿ ನನ್ನ ತೊಡೆಯ ಮೇಲೆ ಇದ್ದದ್ದು ಬಂಗಾರನ ಪಂಜರ. ಮೇಲೆ ಒಂದು ಸೀರೆ ಮುಚ್ಚಿದ್ದೆ. ಮಳೆ ಸಪ್ಪಳದಲ್ಲೂ ಒಳಗಿನಿಂದ ಸಣ್ಣಗೆ ಸೀಟಿ ಹಾಕುತ್ತಿದ್ದ. ಅಂದಿನಿಂದ ಅವನು ಮಗನ ಗಿಳಿ ಹೋಗಿ ನನ್ನ ಗಿಳಿಯಾದ.

2023ರಲ್ಲಿ ಮಗ ಓದಲು ಹುಬ್ಬಳ್ಳಿ ಸೇರಿದ. ಮಗಳ ಮದುವೆ ಅದಕ್ಕೂ ಮೊದಲೇ ಆಗಿತ್ತು. ಆ ದೀಪಾವಳಿ ಹೊತ್ತಿಗೆ ನೋಡುತ್ತೇನೆ, ಬಂಗಾರನ ಎದೆಯ ಮೇಲೆ ಒಂದು ರೂಪಾಯಿಯಷ್ಟು ಜಾಗ ಬೋಳು! ಪಂಜರದ ತಳದಲ್ಲಿ ಪುಕ್ಕದ ರಾಶಿ. ತನ್ನ ಪುಕ್ಕವನ್ನು ತಾನೇ ಕೀಳುತ್ತಿದ್ದ. ಬೆಳಿಗ್ಗೆ ಮನೆ ಹಾರಿಹೋಗುವಂತೆ ಚೀರಾಟ. ಸಂಕ್ರಾಂತಿಯ ತನಕ ನಾಳೆ ಸರಿಹೋದೀತು, ನಾಡಿದ್ದು ಸರಿಹೋದೀತು ಎಂದು ನೋಡಿದೆವು. ಬೋಳು ದೊಡ್ಡದಾಯಿತೇ ಹೊರತು ಸಣ್ಣದಾಗಲಿಲ್ಲ. ಓಣಿಯವರೆಲ್ಲ ಸೇರಿ ತೀರ್ಪು ಕೊಟ್ಟರು: "ಜೋಡಿ ಇಲ್ಲ, ಅದಕ್ಕ ಹಿಂಗಾಗೇತಿ."

ಬುಟ್ಟಿಯಲ್ಲಿ ಬಂದ ಹಸಿರು ಮರಿ

ಇದೇ ಮಾತು ನಡೆದಿದ್ದ ದಿನಗಳಲ್ಲಿ ಒಬ್ಬ ಮನುಷ್ಯ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಬಂದ. "ಗಿಣಿ ಮರಿ ತಗೋತೀರೇನ್ರಿ ಅಕ್ಕಾರ? ಮಾತಾಡ್ತಾವು." ಬಟ್ಟೆ ಸರಿಸಿದರೆ ಮೂರು ಹಸಿರು ಮರಿ. ಪುಕ್ಕ ಇನ್ನೂ ಪೂರ್ತಿ ಬಂದಿರಲಿಲ್ಲ. ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಅಷ್ಟರಲ್ಲಿ ಪುಣ್ಯಕ್ಕೆ ಮಗನ ಫೋನ್ ಬಂತು. ವಿಷಯ ಕೇಳಿದವನೇ, "ಯವ್ವಾ, ಅದನ್ನ ತಗೋಬ್ಯಾಡ ಬೇ! ಕಾಯಿದಿ ಪ್ರಕಾರ ತಪ್ಪು" ಅಂದ.

ಹೌದು ಸೋದರಿಯರೇ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ತವರಿನಲ್ಲಿ ಅಜ್ಜ ಹಸಿರು ಗಿಳಿ ಸಾಕಿದ್ದ. ಗಿಣಿಶಾಸ್ತ್ರದವರು ಬಂದರೆ ನಾವು ಮಕ್ಕಳೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ಆದರೆ ನಮ್ಮ ದೇಶದ ಗಿಳಿಗಳನ್ನು, ಅಂದರೆ ಕೊರಳಿಗೆ ಕೆಂಪು ಪಟ್ಟಿಯ ಹಸಿರು ಗಿಳಿಯಿರಲಿ, ಅದಕ್ಕಿಂತ ದೊಡ್ಡ ರಾಜಗಿಳಿಯಿರಲಿ, ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯಾದ ಮೇಲೆ ಮೂರು ವರ್ಷದ ತನಕ ಸಜೆ, ಒಂದು ಲಕ್ಷ ರೂಪಾಯಿಯ ತನಕ ದಂಡ, ಇಲ್ಲವೇ ಎರಡೂ ಆಗಬಹುದು.

ಕಾಯಿದೆಯ ಮಾತು ಬಿಡಿ, ತಾಯಿಯ ಮಾತು ಕೇಳಿ. ಗಿಳಿ ಮರದ ಪೊಟರೆಯಲ್ಲಿ ಮರಿ ಮಾಡುತ್ತದೆ. ಪೊಟರೆಗೆ ಕೈ ಹಾಕಿ ಕಣ್ಣು ಬಿಡದ ಮರಿಗಳನ್ನು ತೆಗೆಯುತ್ತಾರೆ. ದಾರಿಯಲ್ಲೇ ಎಷ್ಟೋ ಸಾಯುತ್ತವೆ. ನಮ್ಮ ಗೊಂಜಾಳದ ಹೊಲಕ್ಕೆ ಹಿಂಡುಗಟ್ಟಿ ಬಂದು ತೆನೆ ಸುಲಿದು ತಿನ್ನುವ ಕಳ್ಳರು ಇವೇ ನಿಜ. ಆದರೂ ಸಂಜೆ ಹೊಳೆ ದಾಟಿ ಹಾರುವಾಗ ನೋಡಬೇಕು! ಆ ಚೆಂದ ಬುಟ್ಟಿಯೊಳಗೆ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಈಗಾಗಲೇ ಹಸಿರು ಗಿಳಿ ಇದ್ದರೆ, ಹೆದರಿ ಒಮ್ಮೆಲೇ ಹಾರಿಬಿಡಬೇಡಿ. ಕೈಯೂಟ ರೂಢಿಯಾದದ್ದಕ್ಕೆ ಕಾಳು ಹುಡುಕಲು ಬರುವುದಿಲ್ಲ, ಕಾಗೆ ಬೆಕ್ಕಿನ ಪಾಲಾಗುತ್ತದೆ. ಹತ್ತಿರದ ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಕಾಕಟೇಲ್, ಮತ್ತು ನಾವು ಲವ್ ಬರ್ಡ್ಸ್ ಎಂದು ಕರೆಯುವ ಪುಟ್ಟ ಬಜರಿಗರ್, ಇವು ಹೊರದೇಶದ ಮೂಲದವು. ಸಾಕಿದವರ ಮನೆಯಲ್ಲೇ ಹುಟ್ಟಿ ಬೆಳೆದವು. ಇವನ್ನು ಸಾಕಲು ಅಡ್ಡಿಯಿಲ್ಲ. ಆದರೆ ಆಫ್ರಿಕಾದ ಬೂದು ಗಿಳಿ, ಮಕಾವ್ ಮುಂತಾದ ದೊಡ್ಡ ಗಿಳಿಗಳಿಗೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಲೇಬೇಕು.

ಮೊದಲ ರಾತ್ರಿಯ ತಪ್ಪು

ಕೊನೆಗೆ 2024ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಪೇಟೆಯ ಅಂಗಡಿಯೊಂದರಿಂದ ಇನ್ನೊಂದು ಕಾಕಟೇಲ್ ತಂದೆವು. ಹೆಣ್ಣು. ಬಾಲದ ಅಡಿಗೆ ಹಳದಿ ಅಡ್ಡಗೆರೆಗಳಿದ್ದವು, ಅದೇ ಗುರುತು. (ಆರು ತಿಂಗಳಿಗಿಂತ ಸಣ್ಣ ಮರಿಯಲ್ಲಿ ಗಂಡೂ ಹೆಣ್ಣೂ ಒಂದೇ ತರಹ ಕಾಣುತ್ತವೆ, ನೆನಪಿಡಿ.) ರತ್ನಿ ಎಂದು ಹೆಸರಿಟ್ಟೆವು. ಅಂಗಡಿಯವನು, "ಒಂದ ಪಂಜರಕ್ಕ ಬಿಡ್ರಿ, ತಾವ ಹೊಂದ್ಕೋತಾವು" ಅಂದಿದ್ದ. ಸಂಜೆ ಬಂದವಳೇ ಬಂಗಾರನ ಪಂಜರದ ಬಾಗಿಲು ತೆಗೆದು ರತ್ನಿಯನ್ನು ಒಳಗೆ ಬಿಟ್ಟೆ. ಮೇಲೆ ಬಟ್ಟೆ ಮುಚ್ಚಿ, ಒಳ್ಳೆಯ ಕೆಲಸ ಮಾಡಿದೆನೆಂದು ಮಲಗಿದೆ.

ನಡುರಾತ್ರಿ ಪಂಜರ ಕಿತ್ತುಹೋಗುವ ಹಾಗೆ ಸಪ್ಪಳ. ದೀಪ ಹಾಕಿ ನೋಡಿದರೆ ರತ್ನಿ ಮೂಲೆಯಲ್ಲಿ ಮುದುಡಿ ಬಿದ್ದಿದ್ದಾಳೆ, ಕಾಲ ಬೆರಳಿನಿಂದ ರಕ್ತ ಸೋರುತ್ತಿದೆ. ಬಂಗಾರ ಜುಟ್ಟು ತಲೆಗೆ ಅಂಟಿಸಿಕೊಂಡು ಹಾವಿನಂತೆ ಬುಸುಗುಟ್ಟುತ್ತಿದ್ದಾನೆ. ನನ್ನ ಕೈಕಾಲು ತಣ್ಣಗಾದವು. ನೂರು ಗ್ರಾಮಿನ ಜೀವದಲ್ಲಿ ಇರುವ ರಕ್ತವಾದರೂ ಎಷ್ಟು? ಶುದ್ಧ ಬಟ್ಟೆಯಿಂದ ಬೆರಳನ್ನು ಮೆಲ್ಲಗೆ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಟ್ಟು, ಬೆಳಗಾಗುವ ತನಕ ಪಕ್ಕದಲ್ಲೇ ಕೂತೆ.

ಅತ್ತೆಯವರು ಎದ್ದು ಬಂದು ನೋಡಿ ಒಂದೇ ಮಾತು ಕೇಳಿದರು: "ಹೊಸಾ ಎಮ್ಮಿ ತಂದರ ಅದೇ ದಿನಾ ಹಳೇ ಎಮ್ಮಿ ಗ್ವಾದಲಿಗೆ ಕಟ್ತೀಯೇನ ಬೇ?"

ಇಪ್ಪತ್ತೈದು ವರ್ಷ ದನ ಕಟ್ಟಿದ ನನಗೆ ಇದು ಹೊಳೆಯದೇ ಹೋಯಿತಲ್ಲ ಎಂದು ನಾಚಿಕೆಯಾಯಿತು. ಹೊಸ ಎಮ್ಮೆಯನ್ನು ನಾಲ್ಕು ದಿನ ದೂರ ಕಟ್ಟುತ್ತೇವೆ, ಸಗಣಿ ನೋಡುತ್ತೇವೆ, ಮೇವು ಮುಟ್ಟಿತೇ ಎಂದು ನೋಡುತ್ತೇವೆ. ಗಿಳಿ ಸಣ್ಣದೆಂದು ಅದಕ್ಕೆ ಈ ಯಾವ ವಿಚಾರವೂ ಬೇಡವೇ?

ನಲವತ್ತು ದಿನ ಬೇರೆ ಕೋಣೆ

ಬೆಳಿಗ್ಗೆ ಎರಡನ್ನೂ ಎತ್ತಿಕೊಂಡು ಗೋಕಾಕದ ದನದ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಸಮಾಧಾನವಾಗಿ ಎಲ್ಲ ಹೇಳಿಕೊಟ್ಟರು. ಬೆರಳು ಉಳಿಯಿತು, ಉಗುರು ಮಾತ್ರ ಹೋಯಿತು.

ಅವರು ಹೇಳಿದ ಮೊದಲ ಮಾತು: ಹೊಸ ಹಕ್ಕಿ ಮೂವತ್ತರಿಂದ ನಲವತ್ತೈದು ದಿನ ಬೇರೆ ಪಂಜರದಲ್ಲಿ ಮಾತ್ರವಲ್ಲ, ಬೇರೆ ಕೋಣೆಯಲ್ಲಿರಬೇಕು. ಕಾರಣ ಜಗಳವೊಂದೇ ಅಲ್ಲ, ರೋಗ. ಹಕ್ಕಿಗಳು ರೋಗ ಮುಚ್ಚಿಟ್ಟುಕೊಳ್ಳುತ್ತವೆ. ಕಾಡಿನಲ್ಲಿ ಸೊರಗಿದ್ದು ಕಂಡರೆ ಗಿಡುಗ ಮೊದಲು ಅದನ್ನೇ ಎತ್ತುತ್ತದಲ್ಲ, ಆ ಬುದ್ಧಿ ಪಂಜರದಲ್ಲೂ ಹೋಗಿಲ್ಲ. ನಮ್ಮ ಕಣ್ಣಿಗೆ ಕಾಣುವಾಗ ಕಾಲ ಮಿಂಚಿರುತ್ತದೆ. ಸಿಟಕೋಸಿಸ್ ಎಂಬ ರೋಗವಂತೂ ಗಿಳಿಯಿಂದ ಗಿಳಿಗಷ್ಟೇ ಅಲ್ಲ, ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಬಂದು ಜ್ವರ, ಕೆಮ್ಮು, ನ್ಯುಮೋನಿಯಾ ತರುತ್ತದೆ. 1929-30ರಲ್ಲಿ ದಕ್ಷಿಣ ಅಮೇರಿಕದಿಂದ ಮಾರಾಟಕ್ಕೆ ಹೋದ ಗಿಳಿಗಳ ಮೂಲಕ ಇದು ಯುರೋಪು, ಅಮೇರಿಕದ ಮನೆಮನೆಗಳನ್ನು ಹೊಕ್ಕು ಜೀವ ತೆಗೆದಿತ್ತು. ಗಿಳಿ ಇರುವ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ ಕೆಮ್ಮು ಬಂದರೆ, "ನಮ್ಮಲ್ಲಿ ಗಿಳಿ ಐತ್ರಿ" ಎಂದು ಡಾಕ್ಟರಿಗೆ ತಪ್ಪದೇ ಹೇಳಿ.

ರತ್ನಿಗೆ ಮಗನ ಕೋಣೆ ಕೊಟ್ಟೆವು. ಅತ್ತೆಯವರು ಅದಕ್ಕೆ ಬಾಣಂತಿ ಕೋಲಿ ಎಂದೇ ಕರೆದರು. ನಾನು ಪಾಲಿಸಿದ ನಿಯಮಗಳು ಇವು:

1. ಕಾಳು ನೀರು ಮೊದಲು ಹಳೆಯ ಹಕ್ಕಿಗೆ, ಆಮೇಲೆ ಹೊಸದಕ್ಕೆ. ಹೊಸದನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಹಳೆಯದರ ಹತ್ತಿರ ಹೋಗಬಾರದು.

2. ಇಬ್ಬರ ಬಟ್ಟಲು, ಕಸ ತೆಗೆಯುವ ಬಟ್ಟೆ ಬೇರೆ ಬೇರೆ. ಹಿಕ್ಕೆಯನ್ನು ಒಣಗಿದ ಮೇಲೆ ಗುಡಿಸಬಾರದು. ನೀರು ಚಿಮುಕಿಸಿ ಒರೆಸಬೇಕು.

3. ಪಂಜರದ ತಳಕ್ಕೆ ಹಳೆಯ ಪೇಪರು ಹಾಸಿ, ದಿನಾ ಬದಲಿಸಿ, ಹಿಕ್ಕೆ ನೋಡಬೇಕು. ಎರಡು ದಿನ ನೀರುನೀರಾಗಿದ್ದರೆ, ಬಣ್ಣ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಬೇಕು.

4. ಹಗಲು ಹೊತ್ತು ಪುಕ್ಕ ಉಬ್ಬಿಸಿಕೊಂಡು ತೂಕಡಿಸುವುದು, ಉಸಿರಿಗೊಮ್ಮೆ ಬಾಲ ಏರಿಳಿಸುವುದು, ಮೂಗು ಒದ್ದೆಯಾಗುವುದು, ಇವು ರೋಗದ ಗುರುತು.

5. ಅಡುಗೆ ಮನೆಯ ಡಿಜಿಟಲ್ ತಕ್ಕಡಿಯ ಮೇಲೆ ವಾರಕ್ಕೆರಡು ಸಲ ತೂಕ ನೋಡಿ ಬರೆದಿಡಬೇಕು. ತೂಕ ಇಳಿಯುತ್ತ ಹೋದರೆ ಒಳಗೆ ಏನೋ ಇದೆ ಎಂದೇ ಅರ್ಥ.

ಪಂಜರದಿಂದ ಪಂಜರಕ್ಕೆ

ನಲವತ್ತು ದಿನ ಕಳೆದ ಮೇಲೆ ರತ್ನಿಯ ಪಂಜರವನ್ನು ಪಡಸಾಲೆಗೆ ತಂದೆ. ಆದರೆ ಬಂಗಾರನ ಎದುರಿನ ಗೋಡೆಗೆ. ಅವನು ಒಂದು ದಿನ ಕಾಳು ಮುಟ್ಟಲಿಲ್ಲ. ಎರಡನೆಯ ದಿನ ಸೀಟಿ ಹಾಕಿದ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಮೊಳ ಹತ್ತಿರ ಸರಿಸಿದೆ. ಯಾರಾದರೂ ಸಿಟ್ಟು ತೋರಿದರೆ ಮತ್ತೆ ಹಿಂದಕ್ಕೆ. ಕೊನೆಗೆ ನಡುವೆ ಒಂದು ಗೇಣು ಬಿಟ್ಟು ನಿಲ್ಲಿಸಿದೆ. ಅದಕ್ಕಿಂತ ಹತ್ತಿರ ಬೇಡ, ಸರಳಿನ ಸಂದಿಯಿಂದ ಕಾಲ್ಬೆರಳು ಕಚ್ಚುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮನೆಗೆ ಹೊಸ ಸೊಸೆ ಬಂದಾಗ ಹಿರಿಯ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಬೇಕಿಲ್ಲವಷ್ಟೆ! ಇಲ್ಲಿಯೂ ಹಾಗೆಯೇ. ಬೆಳಿಗ್ಗೆ ಮೊದಲು ಮಾತಾಡಿಸುವುದು ಹಳೆಯ ಹಕ್ಕಿಯನ್ನು. ಹಣ್ಣಿನ ಮೊದಲ ಚೂರು ಹಳೆಯದಕ್ಕೆ. ಅದು ಕೂರುತ್ತಿದ್ದ ಜಾಗ, ಅದರ ಗಂಟೆ, ಅದರ ಆಟಿಕೆ ಅದಕ್ಕೇ ಇರಲಿ. ತನ್ನದೇನೂ ಹೋಗಲಿಲ್ಲವೆಂದು ಅದಕ್ಕೆ ಅನಿಸಿದರೆ ಅರ್ಧ ಕೆಲಸವಾದಂತೆ.

ಮುಂದಿನದು ಹೊರಗಿನ ಭೇಟಿ. ಇದು ಇಬ್ಬರದೂ ಅಲ್ಲದ ಜಾಗದಲ್ಲಿ ಆಗಬೇಕು. ನಾನು ಆರಿಸಿದ್ದು ನಮ್ಮ ಮಲಗುವ ಕೋಣೆಯ ಮಂಚ. ಕಿಟಕಿ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸಿ, ಬೆಕ್ಕನ್ನು ಹೊರಗೆ ಹಾಕಿ, ಎರಡು ಮೂಲೆಯಲ್ಲಿ ಎರಡು ಬಟ್ಟಲು ಕಾಳಿಟ್ಟು ಹತ್ತೇ ನಿಮಿಷ ಬಿಟ್ಟೆ. ಕೈಯಲ್ಲೊಂದು ಟವೆಲ್ ಇತ್ತು. ಜಗಳ ಬಿಡಿಸಲು ಬರಿಗೈ ಹಾಕಿದರೆ ನಮ್ಮ ಬೆರಳೂ ಹೋದೀತು.

ಕಾಕಟೇಲ್‌ನ ಮನಸ್ಸು ಅದರ ಜುಟ್ಟಿನಲ್ಲಿದೆ. ಜುಟ್ಟು ಅರ್ಧಕ್ಕೆ ಬಾಗಿ ಸಡಿಲವಾಗಿದ್ದರೆ ಸಮಾಧಾನ. ನೆಟ್ಟಗೆ ನಿಂತರೆ ಗಾಬರಿ. ತಲೆಗೆ ಅಂಟಿ, ಬಾಯಿ ತೆರೆದು ಬುಸುಗುಟ್ಟಿದರೆ ಸಿಟ್ಟು. ಆಗ ಭೇಟಿ ಮುಗಿಸಿಬಿಡಿ. ಒಂದರ ಪಕ್ಕ ಒಂದು ಕಾಳು ತಿಂದರೆ, ಕೊಕ್ಕು ಮಸೆಯುತ್ತ ಅರೆಗಣ್ಣು ಮಾಡಿದರೆ, ತಲೆ ಬಗ್ಗಿಸಿ "ನನ್ನ ತಲೆ ಕೆರಿ" ಎಂದು ಇನ್ನೊಂದಕ್ಕೆ ಒಡ್ಡಿದರೆ, ಕೆಲಸ ಹಣ್ಣಾಯಿತು.

ನಮ್ಮಲ್ಲಿ ಇದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಆಮೇಲೆ ಒಂದು ದೊಡ್ಡ ಹೊಸ ಪಂಜರ ತಂದು ಇಬ್ಬರನ್ನೂ ಒಟ್ಟಿಗೆ ಹಗಲು ಮಾತ್ರ ಬಿಟ್ಟೆ. ಹಳೆಯ ಪಂಜರಕ್ಕೆ ಹೊಸದನ್ನು ಬಿಡುವುದು ಬೇರೆ, ಹೊಸ ಮನೆಗೆ ಇಬ್ಬರೂ ಕೂಡಿ ಕಾಲಿಡುವುದು ಬೇರೆ. ರಾತ್ರಿ ಇಂದಿಗೂ ಬೇರೆ ಬೇರೆ ಪಂಜರ, ಒಂದು ಸಣ್ಣ ದೀಪ. ಕತ್ತಲಲ್ಲಿ ಕಾಕಟೇಲ್ ಬೆಚ್ಚಿಬಿದ್ದು ರೆಕ್ಕೆ ಬಡಿದುಕೊಳ್ಳುವ ಸ್ವಭಾವದ್ದು.

ಕೆಲವು ಜೋಡಿ ಎಂದೂ ಹೊಂದುವುದಿಲ್ಲ. ಹಾಗಾದರೆ ಕಡೆತನಕ ಎರಡು ಪಂಜರ ಇಡಲು ನಿಮ್ಮಲ್ಲಿ ಜಾಗ ಇರಬೇಕು. ದೊಡ್ಡ ಗಿಳಿಯ ಜತೆ ಪುಟ್ಟ ಬಜರಿಗರ್ ಹಾಕುವುದಂತೂ ಬೇಡವೇ ಬೇಡ. ಗಂಡು ಹೆಣ್ಣು ಇದ್ದು ಮರಿ ಬೇಡವೆಂದಾದರೆ ಪಂಜರದಲ್ಲಿ ಗಡಿಗೆ, ಪೆಟ್ಟಿಗೆ ಏನೂ ಇಡಬೇಡಿ.

ಅಮೇರಿಕದ ದೊಡ್ಡಣ್ಣ

ಮಗ ಒಮ್ಮೆ ಊರಿಗೆ ಬಂದಾಗ ಹೇಳಿದ ಕಥೆ ಇದು. ಅಮೇರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ಮಹಿಳೆ 1977ರಲ್ಲಿ ಅಂಗಡಿಯಿಂದ ಆಫ್ರಿಕಾದ ಬೂದು ಗಿಳಿಯೊಂದನ್ನು ಕೊಂಡು ಅಲೆಕ್ಸ್ ಎಂದು ಹೆಸರಿಟ್ಟು ಪಾಠ ಹೇಳಿದರು. ಬಣ್ಣ, ಆಕಾರ, ಎಣಿಕೆ ಕಲಿತು ಅದು ಜಗತ್ಪ್ರಸಿದ್ಧವಾಯಿತು. ಮುಂದೆ 1995ರಲ್ಲಿ ಗ್ರಿಫಿನ್ ಎಂಬ ಮರಿಯನ್ನು ತಂದರು. ಗ್ರಿಫಿನ್‌ಗೆ ಪಾಠ ನಡೆಯುವಾಗ ಅಲೆಕ್ಸ್ ನಡುವೆ ಬಾಯಿ ಹಾಕಿ ತಾನೇ ಉತ್ತರ ಹೇಳುತ್ತಿತ್ತಂತೆ, ಸರಿಯಾಗಿ ಮಾತಾಡು ಎಂದು ಚಿಕ್ಕವನನ್ನು ಗದರಿಸುತ್ತಿತ್ತಂತೆ! 2007ರಲ್ಲಿ ಅಲೆಕ್ಸ್ ಸಾಯುವ ತನಕ ಅದೇ ಅಲ್ಲಿಯ ಯಜಮಾನ. ಅಷ್ಟು ಕಲಿತ ಗಿಳಿಗೇ ಹಿರಿತನ ಬಿಡಲಾಗಲಿಲ್ಲ, ನಮ್ಮ ಬಂಗಾರನದೇನು ಹೇಳಿ.

ಗಿಳಿಗಳ ತಾಟು

ಬರಿ ಸೂರ್ಯಕಾಂತಿ ಬೀಜ ಹಾಕಬೇಡಿ, ಕೊಬ್ಬು ಹೆಚ್ಚಿ ಆಯುಷ್ಯ ಕಡಿಮೆಯಾಗುತ್ತದೆ. ನಾನು ಮಾಡುವ ರೀತಿ ಇದು (ಎರಡು ಹಕ್ಕಿಗೆ, ಒಂದು ಹೊತ್ತಿಗೆ):

ನವಣೆ 2 ಚಮಚ, ಸಜ್ಜೆ 1 ಚಮಚ, ಹೆಸರುಕಾಳು 1 ಚಮಚ. ರಾತ್ರಿ ನೆನೆಸಿ, ಬೆಳಿಗ್ಗೆ ಎರಡು ಮೂರು ಸಲ ತೊಳೆದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಕೊಡುವ ಮುನ್ನ ಮತ್ತೆ ತೊಳೆದು ನೀರು ಬಸಿಯಿರಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಇದಕ್ಕೆ ತುರಿದ ಗಜ್ಜರಿ 1 ಚಮಚ, ಸಣ್ಣಗೆ ಹೆಚ್ಚಿದ ಮೆಂತ್ಯ ಇಲ್ಲವೇ ನುಗ್ಗೆಸೊಪ್ಪು ಸ್ವಲ್ಪ, ಬೀಜದ ಸಮೇತ ಅರ್ಧ ಹಸಿಮೆಣಸಿನಕಾಯಿ ಸೇರಿಸಿ. ಖಾರ ಹಕ್ಕಿಗೆ ಹತ್ತುವುದಿಲ್ಲ. ಬೇಸಿಗೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಇಡಬೇಡಿ. ಪೇರಲ ಹಣ್ಣು ವಾರಕ್ಕೆರಡು ಸಲ ಒಂದು ಚೂರು. ಹೆಣ್ಣು ಹಕ್ಕಿ ಇದ್ದರೆ ಸುಣ್ಣದಂಶಕ್ಕೆ ಅಂಗಡಿಯಲ್ಲಿ ಸಿಗುವ ಕಟಲ್ ಬೋನ್ ಪಂಜರಕ್ಕೆ ಸಿಕ್ಕಿಸಿಡಿ.

ಉಪ್ಪು, ಉಳ್ಳಾಗಡ್ಡಿ, ಚಹಾ, ಚಾಕಲೇಟು, ಬೆಣ್ಣೆಹಣ್ಣು ಕೊಡಲೇಬಾರದು. ಇನ್ನೊಂದು ಮುಖ್ಯ ಎಚ್ಚರ: ನಾನ್‌ಸ್ಟಿಕ್ ತವೆ ಒಣದಾಗಿ ಅತಿಯಾಗಿ ಕಾದರೆ ಬರುವ ಹೊಗೆಯಿಂದ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ನಮಗೆ ವಾಸನೆಯೂ ಬಂದಿರುವುದಿಲ್ಲ. ಪಂಜರ ಅಡುಗೆ ಮನೆಯಿಂದ ದೂರವಿರಲಿ. ಊದಿನಕಡ್ಡಿ, ಸೊಳ್ಳೆಬತ್ತಿಯ ಹೊಗೆಯೂ ಒಳ್ಳೆಯದಲ್ಲ.

ಕಡೆಯ ಮಾತು

ಈಗ ನಿಮಗೆ ಒಂದು ನಿಜ ಹೇಳಬೇಕು. ಬಂಗಾರನ ಎದೆಯ ಪುಕ್ಕ ಮತ್ತೆ ಬಂತೇ? ಬಂತು. ಆದರೆ ಯಾವಾಗ ಗೊತ್ತೇ? ರತ್ನಿ ಇನ್ನೂ ಬಾಣಂತಿ ಕೋಲಿಯಲ್ಲಿದ್ದಾಗ! ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೇ ಇದ್ದ ದಿನಗಳಲ್ಲಿ.

ಡಾಕ್ಟರು ಅಂದು ಬಂಗಾರನನ್ನೂ ನೋಡಿ, ಹೇನು ಹುಳ ಏನೂ ಇಲ್ಲವೆಂದು ಹೇಳಿ, "ಇವನ್ನ ದಿನಾ ಎಷ್ಟೊತ್ತು ಮಾತಾಡಸ್ತೀರಿ?" ಎಂದು ಕೇಳಿದ್ದರು. ನನ್ನ ಬಾಯಿಂದ ಉತ್ತರ ಬರಲಿಲ್ಲ. ಮಗ ಹೋದ ಮೇಲೆ ನನಗೆ ಆ ಪಂಜರ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಕಾಳು ಹಾಕುತ್ತಿದ್ದೆ, ನೀರು ಹಾಕುತ್ತಿದ್ದೆ, ತಿರುಗಿ ಬಂದುಬಿಡುತ್ತಿದ್ದೆ. ಮನೆಯಲ್ಲಿ ಮಗನ ದನಿ ಹೋಯಿತು, ನನ್ನ ದನಿಯೂ ಹೋಯಿತು. ಬಂಗಾರ ಪುಕ್ಕ ಕಿತ್ತುಕೊಂಡ, ನಾನು ಸುಮ್ಮನೆ ಕೂತೆ. ಅಷ್ಟೇ ವ್ಯತ್ಯಾಸ.

ಹಳೆಯ ಹಕ್ಕಿಗೆ ಹೊಟ್ಟೆಕಿಚ್ಚಾಗಬಾರದೆಂದು ಆ ನಲವತ್ತು ದಿನ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಬಂಗಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಳು ಹಸನು ಮಾಡಿದೆ, ಸೊಪ್ಪು ಸೋಸಿದೆ, ಬಾಯಿಗೆ ಬಂದ ಹಾಡು ಹೇಳಿದೆ. ಮೂರನೆಯ ವಾರ ಎದೆಯ ಮೇಲೆ ಸಣ್ಣ ಮುಳ್ಳಿನಂತೆ ಹೊಸ ಪುಕ್ಕ ಮೂಡಿತ್ತು. ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಗಿಳಿಯಲ್ಲ, ನಾನು.

ಹಾಗಾದರೆ ರತ್ನಿ ಬೇಡವಾಗಿತ್ತೇ? ಹಾಗೆ ಹೇಳಲು ಈಗ ಬಾಯಿ ಬರುವುದಿಲ್ಲ. ನಾನು ಹೊಲಕ್ಕೆ ಹೋದ ಹೊತ್ತು ಅವಕ್ಕೆ ಒಂದಕ್ಕೊಂದು ಆಸರೆ. ಆದರೆ ನೀವು ಇನ್ನೊಂದನ್ನು ತರುವ ಮುನ್ನ, ಇದ್ದ ಒಂದಕ್ಕೆ ಒಂದು ತಿಂಗಳು ನಿಮ್ಮ ಹೊತ್ತು ಕೊಟ್ಟು ನೋಡಿ. ಆಗಲೂ ಬೇಕೆನಿಸಿದರೆ ತನ್ನಿ. ಇನ್ನೊಂದು ಗಿಳಿ ಮೊದಲನೆಯದಕ್ಕೆ ಔಷಧವಲ್ಲ. ಅದೂ ಒಂದು ಜೀವ. ಹದಿನೈದು ಇಪ್ಪತ್ತು ವರ್ಷ ಬದುಕುವ ಜೀವ. ಎರಡು ಪಂಜರ ತೊಳೆಯುವ ಕೈ, ಎರಡು ಸಲ ಮಾತಾಡಿಸುವ ಬಾಯಿ ನಮ್ಮಲ್ಲಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಇದನ್ನು ಬರೆಯುತ್ತಿರುವಾಗ ಪಡಸಾಲೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಅದರ ಹಿಂದೆಯೇ "ಚೀಂವ್" ಎಂದು ಒಂದು ಸಣ್ಣ ದನಿ. ಹೆಣ್ಣು ಕಾಕಟೇಲ್ ಸೀಟಿ ಹಾಕುವುದು ಕಡಿಮೆ. ಆದರೆ ರತ್ನಿ ಪ್ರತಿ ಸೀಟಿಗೂ ಒಮ್ಮೆ ಓಗೊಡುತ್ತಾಳೆ. ಇದರಿಂದ ನನಗೊಂದು ಉಪಕಾರವಾಗಿದೆ ನೋಡಿ: ಸೀಟಿಯ ಹಿಂದೆ "ಚೀಂವ್" ಬಂದರೆ ಅದು ಬಂಗಾರನದು, ಬರದಿದ್ದರೆ ಕುಕ್ಕರಿನದು. ಈಗ ನಮ್ಮ ಮನೆಯಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ!